ಮನೆಯ ಕಂಪ್ಯೂಟರಿಗೆ ಪೈಥಾನ್: ಖರ್ಚಿಲ್ಲ, ಆದರೆ ಒಂದು ಟಿಕ್ ಗುರುತು ಮರೆಯಬಾರದು

ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಒಂದು ಬೇಡಿಕೆ ಆಗಾಗ ಕೇಳಿಬರುತ್ತದೆ. 'ಅಪ್ಪ, ನಮ್ಮ ಕಂಪ್ಯೂಟರಿಗೂ ಪೈಥಾನ್ ಹಾಕಿಸಿ ಕೊಡಿ.' ಪೈಥಾನ್ ಎಂದರೆ ಹೆಬ್ಬಾವು ಎಂದಷ್ಟೇ ಗೊತ್ತಿರುವ ಹೆತ್ತವರು ತಬ್ಬಿಬ್ಬಾಗುವುದು ಸಹಜ. ಇದು ಹಾವಲ್ಲ, ಕಂಪ್ಯೂಟರಿಗೆ ಕೆಲಸ ಹೇಳಲು ಬಳಸುವ ಒಂದು ಭಾಷೆ. ಹೆಸರು ಕೂಡ ಹಾವಿನಿಂದ ಬಂದದ್ದಲ್ಲ. ನೆದರ್ಲೆಂಡ್ಸಿನ ಗೀಡೋ ವಾನ್ ರಾಸಮ್ ಎಂಬವರು 1989ರ ಕ್ರಿಸ್ಮಸ್ ಹೊತ್ತಿಗೆ ಇದನ್ನು ಬರೆಯತೊಡಗಿ 1991ರ ಫೆಬ್ರವರಿಯಲ್ಲಿ ಹೊರಗೆ ಬಿಟ್ಟರು. ಬಿಬಿಸಿಯ 'ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್' ಎಂಬ ನಗೆ ಕಾರ್ಯಕ್ರಮ ಅವರಿಗೆ ಬಲು ಇಷ್ಟ, ಅದರ ಹೆಸರನ್ನೇ ಇಟ್ಟರು.

ಮಕ್ಕಳು ಕೇಳುವುದಕ್ಕೆ ಕಾರಣವಿದೆ. ಕೇರಳದ ಶಾಲೆಗಳಿಗೆ 2001ರ ಸುಮಾರಿಗೆ 'ಐಟಿ ಅಟ್ ಸ್ಕೂಲ್' ಯೋಜನೆ ಬಂತು. 2017ರಲ್ಲಿ ಅದು 'ಕೈಟ್' ಎಂಬ ಸರಕಾರಿ ಕಂಪೆನಿಯಾಯಿತು. ಈ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ನಾವು ಪೇಟೆಯಲ್ಲಿ ನೋಡುವ ವಿಂಡೋಸ್ ಅಲ್ಲ, ಲಿನಕ್ಸ್. ಅದರಲ್ಲಿ ಪೈಥಾನ್ ಮೊದಲೇ ಸೇರಿಕೊಂಡಿರುತ್ತದೆ. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದೇ ಕಂಪ್ಯೂಟರಿನಲ್ಲಿ ಕಲಿಯುತ್ತಾರೆ. ಮೆನು ತೆರೆದು ಕ್ಲಿಕ್ಕಿಸಿದರೆ ಸಾಕು, ಪೈಥಾನ್ ಎದುರಿಗೆ ಬರುತ್ತದೆ. ಆದರೆ ಲ್ಯಾಬಿನ ಪೀರಿಯಡ್ ಮುಗಿಯುವುದು ಬೇಗ, ಒಂದು ಕಂಪ್ಯೂಟರಿನ ಮುಂದೆ ಎರಡು ಮೂರು ಮಕ್ಕಳು. ಕೀಬೋರ್ಡ್ ಕೈಗೆ ಸಿಗದ ಮಗು ನೋಡಿಯೇ ಕಲಿಯಬೇಕು. ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯಲ್ಲಿ ಮಾತ್ರ ಕಂಪ್ಯೂಟರಿನ ಎದುರು ಒಬ್ಬರೇ ಕೂತು ಮಾಡಿ ತೋರಿಸಬೇಕು. ಮನೆಯಲ್ಲಿ ಕಂಪ್ಯೂಟರ್ ಇದ್ದೂ ಅಭ್ಯಾಸ ಆಗುವುದಿಲ್ಲ, ಯಾಕೆಂದರೆ ಮನೆಯ ವಿಂಡೋಸಿನಲ್ಲಿ ಪೈಥಾನ್ ಇಲ್ಲ.

ಇದನ್ನು ಹಾಕಿಕೊಡಲು ಪೇಟೆಯಲ್ಲಿ ದುಡ್ಡು ಕೇಳುವವರಿದ್ದಾರೆ. ಬಂದು ಕೂತು ಕೆಲಸ ಮಾಡಿದ್ದಕ್ಕೆ ಕೂಲಿ ಕೇಳಿದರೆ ತಪ್ಪೇನಿಲ್ಲ. ಆದರೆ 'ಸಾಫ್ಟ್‌ವೇರಿನ ಬೆಲೆ' ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಪೈಥಾನ್ ಮುಕ್ತ ತಂತ್ರಾಂಶ. ಅಂತರಜಾಲದಿಂದ ಇಳಿಸಿಕೊಳ್ಳಲು ದುಡ್ಡಿಲ್ಲ, ಎಷ್ಟು ಕಂಪ್ಯೂಟರಿಗೆ ಹಾಕಿದರೂ ದುಡ್ಡಿಲ್ಲ, ಪೆನ್‌ಡ್ರೈವಿನಲ್ಲಿ ನೆರೆಮನೆಗೆ ಕೊಟ್ಟರೂ ಕಾನೂನು ತಪ್ಪಾಗುವುದಿಲ್ಲ. 'ಕೀ' ಬೇಡ, 'ಕ್ರ್ಯಾಕ್' ಬೇಡ, ನೋಂದಣಿಯೂ ಬೇಡ. ಅಂಥದ್ದೇನಾದರೂ ಕೇಳಿದರೆ ನೀವು ಬೇರೆ ಎಲ್ಲಿಗೋ ಹೋಗಿದ್ದೀರಿ ಎಂದೇ ಅರ್ಥ.

ಇನ್‌ಸ್ಟಾಲ್ ಎಂದರೆ ಏನಾಗುತ್ತದೆ?

ಗಡಿನಾಡಿನವರಿಗೆ ಇದನ್ನು ಹೇಳುವುದು ಸುಲಭ. ಮಲಯಾಳ ಓದಲು ಬಾರದ ಹಿರಿಯರು ಆಫೀಸಿಗೆ ಹೋಗುವಾಗ ಎರಡೂ ಭಾಷೆ ಬಲ್ಲ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗುವುದುಂಟಲ್ಲ? ಇವರು ಕನ್ನಡದಲ್ಲಿ ಒಂದು ಮಾತು ಹೇಳಿದರೆ ಅವನು ಅದನ್ನು ಮಲಯಾಳದಲ್ಲಿ ಒಪ್ಪಿಸುತ್ತಾನೆ. ಕಂಪ್ಯೂಟರಿನ ಚಿಪ್ಪಿಗೆ ಅರ್ಥವಾಗುವುದು ಬರೇ ಸೊನ್ನೆ ಮತ್ತು ಒಂದರ ಭಾಷೆ. ನಾವು ಬರೆಯುವುದು ಇಂಗ್ಲಿಷ್ ಪದಗಳಂತೆ ಕಾಣುವ ಪೈಥಾನ್. ನಡುವೆ ನಿಂತು ಸಾಲು ಸಾಲಾಗಿ ತಿಳಿಸಿ ಹೇಳುವ ದುಭಾಷಿ ಬೇಕು. ಅವನ ಹೆಸರು ಇಂಟರ್‌ಪ್ರಿಟರ್. ಪೈಥಾನ್ ಇನ್‌ಸ್ಟಾಲ್ ಮಾಡುವುದೆಂದರೆ ಈ ದುಭಾಷಿಯನ್ನು ಕಂಪ್ಯೂಟರಿನಲ್ಲಿ ತಂದು ಕೂರಿಸುವುದು, ಅಷ್ಟೇ. ಅವನ ಜೊತೆಗೆ ಬರೆಯಲು ಒಂದು ಪುಟ್ಟ ಕಿಟಕಿ ಬರುತ್ತದೆ, ಅದಕ್ಕೆ 'ಐಡಲ್' ಎಂದು ಹೆಸರು. ಚಿತ್ರ ಬರೆಯುವುದಕ್ಕೆ, ಲೆಕ್ಕ ಮಾಡುವುದಕ್ಕೆ, ದಿನಾಂಕ ಹೇಳುವುದಕ್ಕೆ ಬೇಕಾದ ಸಿದ್ಧ ಸಾಮಾನುಗಳೂ ಬರುತ್ತವೆ.

ದುಭಾಷಿಯನ್ನು ಕೂರಿಸಿದರೆ ಸಾಲದು, ಅವನ ಮನೆ ಎಲ್ಲಿದೆ ಎಂದು ವಿಂಡೋಸಿಗೆ ಗೊತ್ತಿರಬೇಕು. ವಿಂಡೋಸಿನ ಹತ್ತಿರ ವಿಳಾಸಗಳ ಒಂದು ಪಟ್ಟಿ ಇರುತ್ತದೆ. ಅದನ್ನು 'ಪಾತ್' ಎನ್ನುತ್ತಾರೆ. ನೀವು ಒಂದು ಹೆಸರು ಟೈಪ್ ಮಾಡಿದಾಗ ವಿಂಡೋಸ್ ಆ ಪಟ್ಟಿಯಲ್ಲಿರುವ ಮನೆಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತದೆ. ಪಟ್ಟಿಯಲ್ಲಿ ವಿಳಾಸ ಇಲ್ಲದಿದ್ದರೆ, ದುಭಾಷಿ ಒಳಗೇ ಕೂತಿದ್ದರೂ 'ಅಂಥವರು ಯಾರೂ ಇಲ್ಲ' ಎಂಬ ಉತ್ತರ ಬರುತ್ತದೆ. ತಲೆಬರಹದಲ್ಲಿ ಹೇಳಿದ ಟಿಕ್ ಗುರುತು ಈ ವಿಳಾಸಕ್ಕೆ ಸಂಬಂಧಪಟ್ಟದ್ದು.

ಮೊದಲು ಕಂಪ್ಯೂಟರ್ ಯಾವುದು ನೋಡಿ

ಸೆಟ್ಟಿಂಗ್ಸ್ ತೆರೆದು 'ಸಿಸ್ಟಮ್', ಅದರೊಳಗೆ 'ಅಬೌಟ್' ಒತ್ತಿ. ವಿಂಡೋಸ್ ಎಷ್ಟನೆಯದು, 32 ಬಿಟ್ಟಿನದೋ 64 ಬಿಟ್ಟಿನದೋ ಎಂದು ಅಲ್ಲಿ ಬರೆದಿರುತ್ತದೆ. ವಿಂಡೋಸ್ 10 ಅಥವಾ 11 ಇದ್ದರೆ ಹೊಸ ಪೈಥಾನ್ ಹಾಕಬಹುದು. (ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪೈಥಾನ್ ಅದರಲ್ಲಿ ಓಡುತ್ತದೆ, ಆದರೆ ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ.)

ಗಲ್ಫಿನಿಂದ ತಂದ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 7 ಇರುವ ಮನೆಗಳು ಈಗಲೂ ಉಂಟು. ಅದಕ್ಕೆ ಪೈಥಾನ್ 3.8ರವರೆಗೆ ಮಾತ್ರ ಹೊಂದುತ್ತದೆ, 3.9 ಮತ್ತು ಅದರ ನಂತರದವು ಹತ್ತುವುದಿಲ್ಲ. 3.8ರ ಸಾಲಿನಲ್ಲಿ ಸಿದ್ಧ ಇನ್‌ಸ್ಟಾಲರ್ ಇರುವ ಕೊನೆಯದು 3.8.10. ಅದು ಅಧಿಕೃತ ತಾಣದ ಹಳೆಯ ಆವೃತ್ತಿಗಳ ಪಟ್ಟಿಯಲ್ಲಿ ಸಿಗುತ್ತದೆ. ಶಾಲೆಯ ಪಾಠಕ್ಕೆ ಅಷ್ಟು ಧಾರಾಳ ಸಾಕು. ಇನ್ನೂ ಹಳೆಯ ಎಕ್ಸ್‌ಪಿ ಇದ್ದರೆ 3.4ಕ್ಕೇ ನಿಲ್ಲಬೇಕು. ಅಷ್ಟು ಕಷ್ಟಪಡುವ ಬದಲು ಆ ಕಂಪ್ಯೂಟರಿಗೆ ಹಗುರವಾದ ಲಿನಕ್ಸ್ ಹಾಕುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ ಇನ್ನೊಂದು ತೊಡಕು ಬರಬಹುದು. ಅಗ್ಗದ ಕೆಲವು ಲ್ಯಾಪ್‌ಟಾಪುಗಳು 'ಎಸ್ ಮೋಡ್' ಎಂಬ ಸ್ಥಿತಿಯಲ್ಲಿ ಬರುತ್ತವೆ. ಆಗ ಮೈಕ್ರೋಸಾಫ್ಟಿನ ಅಂಗಡಿಯಿಂದಲ್ಲದೆ ಹೊರಗಿನ ಯಾವ ತಂತ್ರಾಂಶವನ್ನೂ ಒಳಗೆ ಬಿಡುವುದಿಲ್ಲ. ಇದರಿಂದ ಹೊರಬರಲು ದುಡ್ಡು ಕೊಡಬೇಕಿಲ್ಲ, ಸೆಟ್ಟಿಂಗ್ಸಿನಲ್ಲೇ ದಾರಿಯಿದೆ. ಆದರೆ ಒಮ್ಮೆ ಹೊರಬಂದರೆ ಮರಳಿ ಅದಕ್ಕೆ ಹೋಗಲಾಗುವುದಿಲ್ಲ.

ಎಲ್ಲಿಂದ ಇಳಿಸಿಕೊಳ್ಳಬೇಕು?

ಒಂದೇ ವಿಳಾಸ: ಪೈಥಾನ್ ಡಾಟ್ ಆರ್ಗ್. ಕೊನೆಯಲ್ಲಿ ಓ, ಆರ್, ಜಿ. 'ಕಾಮ್' ಅಲ್ಲ. ಗೂಗಲ್ಲಿನಲ್ಲಿ ಹುಡುಕುವವರು ಮೇಲಿನ ಸಾಲು ಜಾಹೀರಾತೋ ಅಲ್ಲವೋ ನೋಡಿಕೊಳ್ಳಿ. 'ಫ್ರೀ ಡೌನ್‌ಲೋಡ್' ಎಂದು ದೊಡ್ಡ ಹಸಿರು ಬಟನ್ ಇಟ್ಟುಕೊಂಡ ತಾಣಗಳು ಪೈಥಾನ್ ಜೊತೆಗೆ ಬೇಡದ ನಾಲ್ಕು ಸಾಮಾನುಗಳನ್ನೂ ಕಟ್ಟಿ ಕೊಡುತ್ತವೆ. ಇಳಿಸಿಕೊಂಡ ಫೈಲು ಅಸಲಿಯೇ ಎಂದು ತಿಳಿಯಲು ಅದರ ಮೇಲೆ ಮೌಸಿನ ಬಲ ಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆಯಿರಿ. 'ಡಿಜಿಟಲ್ ಸಿಗ್ನೇಚರ್ಸ್' ಎಂಬಲ್ಲಿ 'ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್' ಎಂಬ ಹೆಸರಿರಬೇಕು. ಇನ್ನೊಬ್ಬರ ಪೆನ್‌ಡ್ರೈವಿನಿಂದ ಪಡೆದರಂತೂ ಇದನ್ನು ನೋಡದೆ ಮುಂದೆ ಹೋಗಬೇಡಿ.

ಆ ತಾಣದಲ್ಲಿ 'ಡೌನ್‌ಲೋಡ್ಸ್' ಪುಟ ತೆರೆಯಿರಿ. ಪೈಥಾನ್ ಪ್ರತಿ ವರ್ಷ ಅಕ್ಟೋಬರಿನಲ್ಲಿ ಒಂದು ಹೊಸ ಆವೃತ್ತಿ ಹೊರಡಿಸುವ ಪದ್ಧತಿ ಇಟ್ಟುಕೊಂಡಿದೆ. 2025ರ ಅಕ್ಟೋಬರಿನಲ್ಲಿ ಬಂದದ್ದು 3.14. ಒಂದೊಂದು ಆವೃತ್ತಿಗೂ ಸುಮಾರು ಐದು ವರ್ಷ ರಿಪೇರಿ ಸಿಗುತ್ತದೆ, ಹಾಗಾಗಿ ತೀರ ಇತ್ತೀಚಿನದೇ ಬೇಕೆಂಬ ಹಟ ಬೇಡ. ವಿಂಡೋಸಿಗೆ ಎರಡು ಬಗೆಯ ಫೈಲು ಕಾಣಬಹುದು. 'ಇನ್‌ಸ್ಟಾಲ್ ಮ್ಯಾನೇಜರ್' ಎಂಬುದು ಹೊಸ ಬಗೆ. ಅದು ತಾನು ಮೊದಲು ಕೂತು, ಆಮೇಲೆ ಪೈಥಾನನ್ನು ಅಂತರಜಾಲದಿಂದ ತರಿಸುತ್ತದೆ. ಇನ್ನೊಂದು 'ಸ್ಟ್ಯಾಂಡಲೋನ್ ಇನ್‌ಸ್ಟಾಲರ್', ಎಂದರೆ ಎಲ್ಲವೂ ಒಂದೇ ಗಂಟಿನಲ್ಲಿ. ನಮ್ಮ ಕಡೆಯ ಹಳ್ಳಿಗಳಿಗೆ ಎರಡನೆಯದೇ ಸರಿ. 64 ಬಿಟ್ಟಿನದು 30 ಎಂಬಿ ಆಸುಪಾಸು ಇರುತ್ತದೆ. ಗುಡ್ಡದ ಮರೆಯಲ್ಲಿ ಮನೆ, ರೇಂಜ್ ಇಲ್ಲ ಎನ್ನುವವರು ಪೇಟೆಗೆ ಹೋದಾಗ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದರಾಯಿತು. ಮನೆಯಲ್ಲಿ ನೆಟ್ ಇಲ್ಲದೆಯೇ ಇನ್‌ಸ್ಟಾಲ್ ಆಗುತ್ತದೆ, ನೆಟ್ ಇಲ್ಲದೆಯೇ ಕೆಲಸವೂ ಮಾಡುತ್ತದೆ.

ಟಿಕ್ ಗುರುತಿನ ವಿಷಯ

ಫೈಲಿನ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ಒಂದು ಕಿಟಕಿ ತೆರೆಯುತ್ತದೆ. ನಡುವೆ ದೊಡ್ಡದಾಗಿ 'ಇನ್‌ಸ್ಟಾಲ್ ನೌ' ಎಂದಿರುತ್ತದೆ. ಮನಸ್ಸು ಅತ್ತಲೇ ಓಡುತ್ತದೆ. ಸ್ವಲ್ಪ ತಡೆಯಿರಿ ಮಾರಾಯ್ರೇ! ಕಿಟಕಿಯ ಅಡಿಯಲ್ಲಿ ಎರಡು ಸಣ್ಣ ಚೌಕಗಳಿವೆ. ಒಂದರ ಎದುರು 'ಯೂಸ್ ಅಡ್ಮಿನ್ ಪ್ರಿವಿಲೇಜಸ್' ಎಂದು ಶುರುವಾಗುವ ಸಾಲು. ಇನ್ನೊಂದರ ಎದುರು 'ಆ್ಯಡ್ ಪೈಥಾನ್ ಡಾಟ್ ಎಕ್ಸಿ ಟು ಪಾತ್'. ಈ ಎರಡನೆಯ ಚೌಕ ಖಾಲಿ ಇರುತ್ತದೆ. ಅದಕ್ಕೆ ಟಿಕ್ ಹಾಕಿ. ದುಭಾಷಿಯ ವಿಳಾಸವನ್ನು ಪಟ್ಟಿಯಲ್ಲಿ ಬರೆಸುವುದು ಇದೇ. ಆಮೇಲೆ 'ಇನ್‌ಸ್ಟಾಲ್ ನೌ' ಒತ್ತಿ.

ಮೊದಲ ಚೌಕಕ್ಕೆ ಟಿಕ್ ಮೊದಲೇ ಇರುತ್ತದೆ. ಕಂಪ್ಯೂಟರಿನ ಯಜಮಾನಿಕೆಯ ಪಾಸ್‌ವರ್ಡ್ ನಿಮ್ಮ ಹತ್ತಿರ ಇಲ್ಲದಿದ್ದರೆ ಅದನ್ನು ತೆಗೆಯಿರಿ. ಪೈಥಾನ್ ನಿಮ್ಮ ಖಾತೆಗೆ ಮಾತ್ರ ಸೇರಿಕೊಳ್ಳುತ್ತದೆ, ಅದರಿಂದ ನಷ್ಟವೇನಿಲ್ಲ. ಒಂದೆರಡು ನಿಮಿಷದಲ್ಲಿ 'ಸೆಟಪ್ ವಾಸ್ ಸಕ್ಸಸ್‌ಫುಲ್' ಎಂದು ಬರುತ್ತದೆ. ಅಲ್ಲಿ ಫೈಲಿನ ಹೆಸರಿನ ಉದ್ದದ ಮಿತಿ ತೆಗೆಯಲೇ ಎಂದು ಕೇಳಿದರೆ ಒತ್ತಿದರೂ ಸರಿ, ಬಿಟ್ಟರೂ ಸರಿ. ಮುಚ್ಚಿಬಿಡಿ.

ಟಿಕ್ ಹಾಕದೆ ಮುಗಿಸಿದವರಿಗೆ ಏನಾಗುತ್ತದೆ ಎಂಬುದು ಸ್ವಾರಸ್ಯದ ವಿಷಯ. ಅವರು ಕಪ್ಪು ಬಣ್ಣದ ಕಮಾಂಡ್ ಪ್ರಾಂಪ್ಟ್ ತೆರೆದು ಪೈಥಾನ್ ಎಂದು ಟೈಪ್ ಮಾಡುತ್ತಾರೆ. ಪೈಥಾನ್ ಬರುವ ಬದಲು ಮೈಕ್ರೋಸಾಫ್ಟಿನ ಅಂಗಡಿ ತೆರೆದುಕೊಳ್ಳುತ್ತದೆ! ವಿಂಡೋಸ್ 10 ಮತ್ತು 11ರಲ್ಲಿ ಪೈಥಾನ್ ಎಂಬ ಹೆಸರಿನ ಒಂದು ಬರಿದಾದ ಬಾಗಿಲನ್ನು ಮೊದಲೇ ಇಟ್ಟಿರುತ್ತಾರೆ, ಅದು ಅಂಗಡಿಗೆ ದಾರಿ ತೋರಿಸುತ್ತದೆ. ಇನ್‌ಸ್ಟಾಲ್ ಆಗಲೇ ಇಲ್ಲ ಎಂದುಕೊಂಡು ಜನ ಮತ್ತೆ ಇಳಿಸಿಕೊಳ್ಳುತ್ತಾರೆ, ಇಲ್ಲವೆ ಕಂಪ್ಯೂಟರೇ ಕೆಟ್ಟಿದೆ ಎಂದು ಪೇಟೆಗೆ ಹೊರುತ್ತಾರೆ. ಎರಡೂ ಬೇಡ. ಅದೇ ಇನ್‌ಸ್ಟಾಲರನ್ನು ಮತ್ತೆ ಓಡಿಸಿ 'ಮಾಡಿಫೈ' ಒತ್ತಿ, ಮುಂದಿನ ಪುಟಗಳಲ್ಲಿ ಪಾತಿಗೆ ಸೇರಿಸುವ ಚೌಕಕ್ಕೆ ಟಿಕ್ ಹಾಕಿದರೆ ಮುಗಿಯಿತು. ಪೈಥಾನ್ ಎಂಬುದರ ಬದಲು ಪಿ ಮತ್ತು ವೈ ಎಂಬ ಎರಡೇ ಅಕ್ಷರ ಟೈಪ್ ಮಾಡಿದರೂ ಬಹುಮಟ್ಟಿಗೆ ಬಾಗಿಲು ತೆರೆಯುತ್ತದೆ. ಶಾಲೆಯ ಮಕ್ಕಳು ಕಪ್ಪು ಕಿಟಕಿಗೆ ಹೋಗದೆ, ಸ್ಟಾರ್ಟ್ ಮೆನುವಿನಲ್ಲಿ ಐಡಲ್ ಎಂದು ಹುಡುಕಿ ಅದನ್ನೇ ತೆರೆದರೆ ಈ ಪಾತಿನ ರಗಳೆಯೇ ಇಲ್ಲ.

ಆಮೆ ನಡೆದರೆ ಗೆದ್ದಂತೆ

ಐಡಲ್ ತೆರೆದಾಗ ಮೂರು ಬಾಣದ ಗುರುತು ಕಾಣುತ್ತದೆ. ಅದರ ಮುಂದೆ ಬರೆದು ಎಂಟರ್ ಒತ್ತಬೇಕು. ಈ ಪುಟದಲ್ಲಿ ಪೈಥಾನಿನ ಪದಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಪ್ರಿಂಟ್, ಇನ್‌ಪುಟ್ ಮುಂತಾದವನ್ನು ಕೀಬೋರ್ಡಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಒತ್ತಬೇಕು. ಮೊದಲ ಅಕ್ಷರ ದೊಡ್ಡದಾದರೂ ದುಭಾಷಿಗೆ ಗುರುತು ಸಿಗುವುದಿಲ್ಲ.

ಮೊದಲ ಪರೀಕ್ಷೆ ಇಷ್ಟೇ:

ಪ್ರಿಂಟ್("ನಮಸ್ಕಾರ")

ಕೆಳಗಿನ ಸಾಲಿನಲ್ಲಿ ನಮಸ್ಕಾರ ಎಂದು ಬಂದರೆ ದುಭಾಷಿ ಎದ್ದು ಕೂತ ಎಂದರ್ಥ. ಹಳೆಯ ಗೈಡುಗಳಲ್ಲಿ ಆವರಣ ಚಿಹ್ನೆ ಇಲ್ಲದೆ ಪ್ರಿಂಟ್ ಬರೆದಿರುತ್ತಾರೆ. ಅದು ಪೈಥಾನ್ 2ರ ಕಾಲದ್ದು. ಅದರ ಆರೈಕೆ 2020ರ ಜನವರಿ 1ಕ್ಕೆ ನಿಂತಿದೆ. ಅಂಥ ಪುಸ್ತಕ ಮನೆಯಲ್ಲಿದ್ದರೆ ಪಕ್ಕಕ್ಕಿಡಿ.

ಎರಡನೆಯ ಪರೀಕ್ಷೆ ಮಕ್ಕಳಿಗೆ ಇಷ್ಟವಾಗುವಂಥದ್ದು. ಪೈಥಾನ್ ಜೊತೆಗೆ 'ಟರ್ಟಲ್' ಎಂಬ ಸಾಮಾನು ಬರುತ್ತದೆ. ಟರ್ಟಲ್ ಎಂದರೆ ಆಮೆ. ಬಾಲಕ್ಕೆ ಪೆನ್ನು ಕಟ್ಟಿದ ಆಮೆ ಎಂದು ತಿಳಿಯಿರಿ, ಅದು ನಡೆದಲ್ಲೆಲ್ಲ ಗೆರೆ ಮೂಡುತ್ತದೆ. ಈ ಆಮೆ ಪೈಥಾನಿಗಿಂತ ಹಳೆಯದು. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಜೊತೆಯವರು ಮಕ್ಕಳಿಗಾಗಿ ಮಾಡಿದ 'ಲೋಗೋ' ಎಂಬ ಭಾಷೆಯ ಸಂತತಿ ಇದು. ಶಾಲೆಯ ಪಾಠದಲ್ಲಿ ಮಕ್ಕಳು ಚೌಕ, ನಕ್ಷತ್ರ ಬರೆಯುವುದು ಇದರಿಂದಲೇ.

ಮೂರು ಬಾಣದ ಮುಂದೆ ಹೀಗೆ ಬರೆಯಿರಿ:

ಫ್ರಮ್ ಟರ್ಟಲ್ ಇಂಪೋರ್ಟ್ *
ಫಾರ್ವರ್ಡ್(100)
ಲೆಫ್ಟ್(90)

ಆಮೆ ನೂರು ಹೆಜ್ಜೆ ಮುಂದೆ ಹೋಗಿ ಎಡಕ್ಕೆ ತಿರುಗುತ್ತದೆ. ಕೊನೆಯ ಎರಡು ಸಾಲನ್ನು ಇನ್ನು ಮೂರು ಸಲ ಬರೆದರೆ ಚೌಕ ಆಗುತ್ತದೆ. ಪದೇ ಪದೇ ಬರೆಯುವ ಬದಲು 'ಫಾರ್' ಎಂಬ ಪದದಿಂದ ಒಂದೇ ಮಾತಿನಲ್ಲಿ 36 ಸಲ ಮಾಡಿಸಬಹುದು. ಸಲಕ್ಕೊಂದು ವೃತ್ತ ಬರೆದು 10 ಡಿಗ್ರಿ ತಿರುಗಲು ಹೇಳಿದರೆ 36 ಸಲಕ್ಕೆ ಸರಿಯಾಗಿ 360 ಡಿಗ್ರಿ ಸುತ್ತು ಮುಗಿದು ಅಂಗಳದ ರಂಗೋಲಿಯಂಥ ಹೂವು ಅರಳುತ್ತದೆ. ಮಗು ಇಲ್ಲಿಗೆ ಮುಟ್ಟಿದರೆ ಮುಂದೆ ನಾವು ಹೇಳಿಕೊಡಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಿಕೊಡಬೇಕು. ಆಮೆಯ ಪಾಠ ಬರೆದ ಫೈಲಿಗೆ ಟರ್ಟಲ್ ಎಂದೇ ಹೆಸರಿಟ್ಟು ಉಳಿಸುವ ಮಕ್ಕಳು ಬಹಳ. ಆಗ ಪೈಥಾನ್ ತನ್ನ ಆಮೆಯನ್ನು ಹುಡುಕುವ ಬದಲು ಈ ಫೈಲನ್ನೇ ಆಮೆ ಎಂದು ಎತ್ತಿಕೊಳ್ಳುತ್ತದೆ, ಏನೂ ಓಡುವುದಿಲ್ಲ. ನಿನ್ನೆ ಸರಿಯಿತ್ತು, ಇವತ್ತು ಕೆಟ್ಟಿತು, ಪುನಃ ಇನ್‌ಸ್ಟಾಲ್ ಮಾಡಿದರೂ ಸರಿಯಾಗಲಿಲ್ಲ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇಷ್ಟೇ. ಫೈಲಿನ ಹೆಸರು ಬದಲಿಸಿದರೆ ಸರಿಯಾಗುತ್ತದೆ.

ವಾಟ್ಸ್‌ಆ್ಯಪಿನಲ್ಲೋ ವರ್ಡಿನಲ್ಲೋ ಬಂದ ಪಾಠವನ್ನು ನಕಲು ಮಾಡಿ ಅಂಟಿಸಿದಾಗ ಬರುವ ತೊಂದರೆಯೂ ಅಂಥದ್ದೇ. ಅಲ್ಲಿ ಉದ್ಧರಣ ಚಿಹ್ನೆಗಳು ಚೆಂದಕ್ಕೆ ಬಾಗಿರುತ್ತವೆ. ಪೈಥಾನಿಗೆ ನೆಟ್ಟಗಿನ ಚಿಹ್ನೆಯೇ ಬೇಕು. ಅಳಿಸಿ ಕೀಬೋರ್ಡಿನಿಂದ ಮತ್ತೆ ಒತ್ತಿ. ಸಾಲಿನ ಆರಂಭದಲ್ಲಿ ಬಿಡುವ ಜಾಗಕ್ಕೂ ಇಲ್ಲಿ ಅರ್ಥವಿದೆ. ಬೇರೆ ಭಾಷೆಗಳಲ್ಲಿ ಅದು ಅಂದಕ್ಕೆ ಮಾತ್ರ, ಪೈಥಾನಿನಲ್ಲಿ ಅದು ವ್ಯಾಕರಣ.

ಕನ್ನಡ ನಡೆಯುತ್ತದೆಯೇ?

ನಡೆಯುತ್ತದೆ, ಮತ್ತು ನಾವು ಎಣಿಸಿದ್ದಕ್ಕಿಂತ ಹೆಚ್ಚು ನಡೆಯುತ್ತದೆ. ಪೈಥಾನಿನ ಸ್ವಂತ ಪದಗಳು ಇಂಗ್ಲಿಷಿನವೇ. ಅವು ಮೂವತ್ತೈದರಷ್ಟು, ಅದನ್ನು ಬದಲಿಸಲಾಗದು. ಆದರೆ ನಾವು ಕೊಡುವ ಹೆಸರುಗಳು ಕನ್ನಡದಲ್ಲಿರಬಹುದು. ಅಡಿಕೆ ಮಾರಿದ ಲೆಕ್ಕ ನೋಡಿ. ಐಡಲ್‌ನಲ್ಲಿ 'ಫೈಲ್' ಒತ್ತಿ 'ನ್ಯೂ ಫೈಲ್' ತೆರೆದು ಹೀಗೆ ಬರೆಯಿರಿ. ತೂಕ, ದರ ಎಂಬ ಪದಗಳು ಮತ್ತು ಉದ್ಧರಣ ಚಿಹ್ನೆಯೊಳಗಿನವು ಕನ್ನಡದಲ್ಲೇ ಇರಲಿ:

ತೂಕ = ಇಂಟ್(ಇನ್‌ಪುಟ್("ಎಷ್ಟು ಕಿಲೋ? "))
ದರ = ಇಂಟ್(ಇನ್‌ಪುಟ್("ಕಿಲೋಗೆ ಎಷ್ಟು ರೂಪಾಯಿ? "))
ಪ್ರಿಂಟ್("ಒಟ್ಟು", ತೂಕ * ದರ, "ರೂಪಾಯಿ")

ಉಳಿಸಿ, ಎಫ್ 5 ಕೀಲಿ ಒತ್ತಿ. ಅದು ಕನ್ನಡದಲ್ಲಿ ಪ್ರಶ್ನೆ ಕೇಳುತ್ತದೆ. 25 ಎಂದು, ಆಮೇಲೆ 400 ಎಂದು ಉತ್ತರ ಕೊಟ್ಟರೆ ಒಟ್ಟು 10000 ರೂಪಾಯಿ ಎನ್ನುತ್ತದೆ. ಇನ್ನೂ ಒಂದು ಕೌತುಕವಿದೆ. ಉತ್ತರವನ್ನು ಕನ್ನಡ ಅಂಕೆಯಲ್ಲಿ ೨೫, ೪೦೦ ಎಂದು ಒತ್ತಿ ನೋಡಿ. ಲೆಕ್ಕ ಸರಿಯಾಗಿಯೇ ಬರುತ್ತದೆ! ಇಂಟ್ ಎಂಬ ಪದ ಕನ್ನಡದ ಅಂಕೆಯನ್ನೂ ಮಲಯಾಳದ ಅಂಕೆಯನ್ನೂ ಓದಬಲ್ಲುದು. ಅಂಕೆಯನ್ನು ನೇರವಾಗಿ ಪ್ರೋಗ್ರಾಮಿನೊಳಗೆ ಬರೆಯುವುದಾದರೆ ಮಾತ್ರ 1, 2, 3 ಎಂದೇ ಬರೆಯಬೇಕು. ಇಂಟ್ ಬಿಟ್ಟರೆ ಪೈಥಾನ್ ಉತ್ತರವನ್ನು ಅಂಕೆ ಎಂದು ತಿಳಿಯದೆ ಅಕ್ಷರ ಎಂದು ತಿಳಿಯುತ್ತದೆ. ಆಗ 25 ಮತ್ತು 30 ಕೂಡಿಸಿದರೆ 2530 ಆಗುತ್ತದೆ. ಇಪ್ಪತ್ತೈದೂವರೆ ಕಿಲೋ ಇದ್ದರೆ ಇಂಟ್ ಜಾಗದಲ್ಲಿ 'ಫ್ಲೋಟ್' ಬೇಕು.

ಕನ್ನಡ ಒತ್ತುವಾಗ ಯೂನಿಕೋಡ್ ಆಗಿರಬೇಕು ಎಂಬುದು ಮುಖ್ಯ. ಹಳೆಯ ನುಡಿ, ಬರಹಗಳ ಆಸ್ಕಿ ಅಕ್ಷರಗಳು ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷಿನ ಚಿಹ್ನೆಗಳು. ವಿಂಡೋಸಿನ ಭಾಷಾ ಸೆಟ್ಟಿಂಗ್ಸಿನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿಕೊಂಡರೆ ಸಾಕು. ಇನ್ನು 'ರೇಟ್‌ಕಾರ್ಡ್' ಎನ್ನುವಾಗ ಟಕಾರಕ್ಕೆ ಕಕಾರ ಒತ್ತಕ್ಷರವಾಗಿ ಅಂಟದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೇವಲ್ಲ, ಅದು ಹೆಸರಿನೊಳಗೆ ಇದ್ದರೆ ಪೈಥಾನ್ ಒಪ್ಪುವುದಿಲ್ಲ. ಉದ್ಧರಣ ಚಿಹ್ನೆಯೊಳಗೆ ಇದ್ದರೆ ತಕರಾರಿಲ್ಲ. ಕಪ್ಪು ಕಮಾಂಡ್ ಕಿಟಕಿಯಲ್ಲಿ ಕನ್ನಡ ಪೆಟ್ಟಿಗೆ ಪೆಟ್ಟಿಗೆಯಾಗಿ ಕಾಣಬಹುದು. ಅದು ಆ ಕಿಟಕಿಯ ದೋಷ, ಪೈಥಾನಿನದ್ದಲ್ಲ.

ಮನೆಯಲ್ಲೂ ಲಿನಕ್ಸ್ ಇದ್ದರೆ

ಆಗ ಅರ್ಧ ಲೇಖನ ನಿಮಗೆ ಬೇಡವಿತ್ತು! ಪೈಥಾನ್ ಅದರಲ್ಲಿ ಆಗಲೇ ಇದೆ. ಟರ್ಮಿನಲ್ ತೆರೆದು ಪೈಥಾನ್3 ಎಂದು, ಜಾಗ ಬಿಡದೆ, ಒತ್ತಿ ನೋಡಿ. ಐಡಲ್ ಕಾಣದಿದ್ದರೆ ಸಾಫ್ಟ್‌ವೇರ್ ಪಟ್ಟಿಯಿಂದ ಅದೊಂದನ್ನು ಸೇರಿಸಿಕೊಳ್ಳಬೇಕು. 'ಹಳೆಯ ಪೈಥಾನ್ ತೆಗೆದು ಹೊಸದು ಹಾಕೋಣ' ಎಂಬ ಉಮೇದು ಮಾತ್ರ ಇಲ್ಲಿ ಬೇಡವೇ ಬೇಡ. ಉಬುಂಟು ಬಗೆಯ ಲಿನಕ್ಸಿನ ಹಲವು ಅಂಗಗಳು ಅದೇ ಪೈಥಾನನ್ನು ನಂಬಿಕೊಂಡಿವೆ. ಅದನ್ನು ಕಿತ್ತರೆ ಪರದೆಯೇ ಬರದೆ ಹೋಗಬಹುದು. ವಿಂಡೋಸಿನಲ್ಲಿ ಆ ಭಯವಿಲ್ಲ. ಬೇಡವೆನಿಸಿದರೆ 'ಆ್ಯಪ್ಸ್' ಪಟ್ಟಿಯಿಂದ ತೆಗೆದುಬಿಡಬಹುದು, ಎರಡು ಆವೃತ್ತಿ ಒಟ್ಟಿಗೆ ಇದ್ದರೂ ಜಗಳವಾಡುವುದಿಲ್ಲ.

'ಪಿಪ್' ಎಂಬುದರಿಂದ ಹೆಚ್ಚಿನ ಸಾಮಾನು ತರಿಸಬಹುದು ಎಂದು ಮಲಯಾಳದ ವೀಡಿಯೋಗಳಲ್ಲಿ ಮಕ್ಕಳು ಕೇಳಿರುತ್ತಾರೆ. ಹೈಸ್ಕೂಲಿನ ಪಾಠಕ್ಕೆ ಅದರ ಅಗತ್ಯ ಬೀಳುವುದು ಕಡಿಮೆ. ಸಿಬಿಎಸ್‌ಇಯ 11, 12ನೇ ತರಗತಿಯ ಕಂಪ್ಯೂಟರ್ ಸಯನ್ಸ್ ತೆಗೆದುಕೊಂಡವರಿಗೆ ಒಂದೆರಡು ಬೇಕಾಗಬಹುದು. ಅದಕ್ಕೆ ನೆಟ್ ಇರಲೇಬೇಕು. ಹೊಸ ಉಬುಂಟುವಿನಲ್ಲಿ ಪಿಪ್ ನೇರವಾಗಿ ಒಳಗೆ ಬಿಡದೆ ತಡೆಯುತ್ತದೆ. ಮೇಲೆ ಹೇಳಿದ ಕಾರಣಕ್ಕೇ ಹಾಗೆ ಮಾಡಿದ್ದಾರೆ. 'ವೆನ್ವ್' ಎಂಬ ಬೇರೆ ಕೋಣೆ ಮಾಡಿಕೊಂಡು ಅದರೊಳಗೆ ತರಿಸಬೇಕು.

ಮನೆಯಲ್ಲಿ ಬರೆದದ್ದನ್ನು ಶಾಲೆಗೆ ಒಯ್ಯುವುದು ಸುಲಭ. ಪೈಥಾನ್ ಫೈಲು ಬರೇ ಅಕ್ಷರಗಳ ಫೈಲು, ವಿಂಡೋಸಿನಲ್ಲಿ ಬರೆದದ್ದು ಲಿನಕ್ಸಿನಲ್ಲಿ ಹಾಗೆಯೇ ತೆರೆಯುತ್ತದೆ. ಶಾಲೆಯಲ್ಲಿ ಉಬುಂಟು 22.04 ಆಧಾರದ ಲಿನಕ್ಸ್ ಇದ್ದರೆ ಅದರ ಪೈಥಾನ್ 3.10. ಮನೆಯಲ್ಲಿ 3.14 ಇದ್ದರೂ ಚೌಕ, ರಂಗೋಲಿ, ಅಡಿಕೆ ಲೆಕ್ಕ ಇವೆಲ್ಲ ಎರಡರಲ್ಲೂ ಒಂದೇ. ಪೆನ್‌ಡ್ರೈವ್ ಬೇರೆ ಬೇರೆ ಕಂಪ್ಯೂಟರಿಗೆ ಹೋಗಿ ಬಂದಿರುತ್ತದೆ, ಮನೆಯಲ್ಲಿ ಚುಚ್ಚಿದ ಕೂಡಲೇ ವೈರಸ್ ಪರೀಕ್ಷೆ ಮಾಡಿಕೊಳ್ಳಿ.